ರಿ ಇಲ್ಲದ ಪತ್ರ

ನಮ್ಮ ಬಾಜೂ ಅಂಗಡಿಯ ಆದಿನಾಥ ಮಗದುಮ್ಮನ ಮದುವೆ ಇನ್ನೇನು ಮುರಿದೇ ಹೋಯಿತು ಅನ್ನುವಂತಾದದ್ದು ಒಂದೇ ಒಂದು ಅಕ್ಷರದಿಂದ. ಇಂಗ್ಲಿಷಿನಲ್ಲಿ ಬರೆದರೆ ಅದು ಎರಡಾಗುತ್ತದೆ. ಊಟದಲ್ಲಿ ಹೋಳಿಗೆ ಕಡಿಮೆ ಬಿತ್ತೆಂದು ಬೀಗರು ಎದ್ದು ಹೋದದ್ದನ್ನು ನಾನು ಕಂಡಿದ್ದೇನೆ. ಒಂದು ಅಕ್ಷರದ ಕಾರಣಕ್ಕೆ ಹುಕ್ಕೇರಿಯ ಮಂದಿ ಗೋಕಾಕದ ವರನ ತಲೆ ಸರಿ ಇಲ್ಲವೆಂದು ತೀರ್ಮಾನ ಮಾಡಿದ್ದನ್ನು ಕಂಡದ್ದು ಅದೇ ಮೊದಲು. ಆ ಅಕ್ಷರವನ್ನು ಆದಿನಾಥನ ತಲೆಯಲ್ಲಿ ತುಂಬಿದವನು ನಾನೇ. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನನ್ನ ಹೆಸರು ಮುರಿಗೆಪ್ಪ. ಗೋಕಾಕದ ಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ, ಆದಿನಾಥನದು ಪೈಪಿನ ಅಂಗಡಿ. ಹೊಲಕ್ಕೆ ನೀರು ಹಾಯಿಸುವ ಪೈಪು, ಪಂಪು, ಹನಿ ನೀರಾವರಿಯ ಸಾಮಾನು ಎಲ್ಲ ಅವನಲ್ಲಿ ಸಿಗುತ್ತಿತ್ತು. ಕಬ್ಬಿನ ಸೀಮೆ, ವ್ಯಾಪಾರಕ್ಕೆ ಕೊರತೆ ಇರಲಿಲ್ಲ. ಮನುಷ್ಯ ಸುಮ್ಮನೆ ಪೈಪು ಮಾರಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎರಡು ಸಾವಿರದ ಆರನೇ ಇಸವಿಯಲ್ಲಿ ನಮ್ಮೂರಿಗೆ ಬ್ರಾಡ್‌ಬ್ಯಾಂಡ್ ಬಂತು. ಅದೇ ವರ್ಷ ಆದಿನಾಥ ಬೆಳಗಾವಿಗೆ ಹೋಗಿ ಮೂರು ವಾರದ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದ. ಮೂರು ವಾರದ ವಿದ್ಯೆ ಎಷ್ಟು ಅಪಾಯಕಾರಿ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

"ಮುರಿಗೆಪ್ಪಣ್ಣ, ಮಂದಿ ಎಲ್ಲಾ ಫುಕಟ್ ಇ-ಮೇಲ್ ಇಟ್ಕೊಂಡಾರ" ಎಂದ ಒಂದು ದಿನ. "ಅಂದ್ರ ಮತ್ತೊಬ್ಬರ ಕಟ್ಟಿ ಮ್ಯಾಲ ಕುಂತು ನಮ್ಮ ಪತ್ರಾ ಓದಿದಂಗ. ನಾ ಸ್ವಂತ ಸರ್ವರ್ ಇಡಾಂವ ಅದೇನಿ."

"ಪೈಪಿನ ಅಂಗಡ್ಯಾಗ ಸರ್ವರ್ ಯಾಕೋ? ಗಿರಾಕಿಗೆ ಚಾ ಕೊಡಾಕೇನು?" ಎಂದೆ. ನಮ್ಮ ಕಡೆ ಸರ್ವರ್ ಅಂದರೆ ಹೋಟೆಲಿನಲ್ಲಿ ಇಡ್ಲಿ ತಂದಿಡುವವನು.

ಅವನು ಬಹಳ ತಾಳ್ಮೆಯಿಂದ ವಿವರಿಸಿದ. ಇದು ಮನುಷ್ಯ ಅಲ್ಲ, ಒಂದು ಕಂಪ್ಯೂಟರ್ ಪೆಟ್ಟಿಗೆ. ಹಗಲು ರಾತ್ರಿ ಚಾಲೂ ಇರುತ್ತದೆ, ಬಂದ ಪತ್ರಗಳನ್ನು ಹಿಡಿದಿಟ್ಟು ಯಜಮಾನನಿಗೆ ಕೊಡುತ್ತದೆ. ಪೆಟ್ಟಿಗೆ ಅಂಗಡಿಯ ಅಟ್ಟ ಏರಿತು. ಪತ್ರ ಬಂದಾಗಲೆಲ್ಲ ಟಿಣ್ ಎನ್ನುವಂತೆ ಮಾಡಿಕೊಂಡ. ಅದು ಟಿಣ್ ಎಂದರೆ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು "ಬಂತು" ಎಂದು ಅಟ್ಟ ಏರುವನು. ಅಂಗಡಿಯ ಬೋರ್ಡಿನ ಮೇಲೆ ಪೈಪು ಎಂಬ ಮಾತಿಗಿಂತ ದೊಡ್ಡದಾಗಿ ಇ-ಮೇಲ್ ವಿಳಾಸ ಬರೆಸಿದ.

ಬೋರ್ಡಿನ ಮೇಲೆ ಬರೆಸಿದ್ದು ಸಾಲದೆಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಸಿಕ್ಕ ಕಡೆಯೆಲ್ಲ ಅದನ್ನು ಬರೆದು ಬಂದಿದ್ದ. ತಿಂಗಳೊಳಗೆ ದಿನಕ್ಕೆ ಇನ್ನೂರು ಕಸದ ಪತ್ರ ಬರತೊಡಗಿದವು. ಗಡಿಯಾರ ಕೊಳ್ಳಿ, ಗುಳಿಗೆ ನುಂಗಿ, ಲಾಟರಿ ಗೆದ್ದಿದ್ದೀರಿ. ಅಟ್ಟ ಹತ್ತಿ ಇಳಿದು ಅವನ ಮೊಣಕಾಲು ಹಿಡಿಯಿತು. ಆಗ ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ನಾನು ಆ ಬುದ್ಧಿಯ ಮಾತು ಹೇಳಿದೆ.

"ಇವರೆಲ್ಲಾ ಪರದೇಶದ ಮಂದಿ. ನಮ್ಮ ಮಂದಿ ಹಂಗ ಬರಿಯೂದಿಲ್ಲ. ನಮ್ಮ ಮಂದಿ ನಮಸ್ಕಾರ ಅನ್ನೂದಿಲ್ಲ, ನಮಸ್ಕಾರ್ರಿ ಅಂತಾರ. ಯಾವ ಪತ್ರದಾಗ ರಿ ಇಲ್ಲೋ ಅದನ್ನ ಕಸಾ ಅಂತ ತಿಳಕೊ."

ಆದಿನಾಥ ಚಹಾದ ಕಪ್ಪು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡ. ಸಂಜೆಯೊಳಗೆ ಸರ್ವರಿಗೆ ಒಂದು ಫಿಲ್ಟರ್ ಹಾಕಿಬಿಟ್ಟ. ಆಗ ಇ-ಮೇಲಿನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು. ಪತ್ರದ ತಲೆಬರಹದಲ್ಲಿ ಇಂಗ್ಲಿಷಿನ ಆರ್, ಅದರ ಪಕ್ಕಕ್ಕೆ ಐ ಇದ್ದರೆ ಒಳಗೆ ಬಿಡು, ಟಿಣ್ ಅನ್ನು. ಇಲ್ಲದಿದ್ದರೆ ಸದ್ದು ಮಾಡದೆ ಒಂದು ಬೇರೆ ಖಾನೆಗೆ ಒಗೆ. ಆ ಖಾನೆಗೆ ಹೆಸರೂ ಇಟ್ಟ: 'ಮರ್ಯಾದಿ ಇಲ್ಲದವರು'.

ಮರುದಿನದಿಂದ ಕಸ ಇನ್ನೂರರಿಂದ ನಲವತ್ತಕ್ಕಿಳಿಯಿತು. ಆ ನಲವತ್ತು ಯಾಕೆ ಉಳಿದವು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ನೈಜೀರಿಯಾದ ಯಾವನೋ ರಾಜಕುಮಾರನ ಪತ್ರ ವಾರಕ್ಕೆರಡು ಬಂದೇ ಬರುತ್ತಿತ್ತು. "ಏನ ಇರಲಿ, ಮರ್ಯಾದಸ್ತ ಮನಶ್ಯಾ" ಎನ್ನುತ್ತಿದ್ದ ಆದಿನಾಥ.

ಮರುವರ್ಷ ಸಂಕ್ರಾಂತಿ ಮುಗಿದ ವಾರ ಅವನಿಗೆ ಹುಕ್ಕೇರಿಯಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಆರತಿ, ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಸಂಬಂಧ ಕೂಡಿಸಿದವರು ಆದಿನಾಥನ ಕಾಕಾ, ಮೂಡಲಗಿಯ ಅಣ್ಣಾಸಾಹೇಬರು. ಹೆಣ್ಣು ನೋಡುವಾಗ ಆರತಿ ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಖರೇನ ಸ್ವಂತ ಸರ್ವರ್ ಇಟ್ಟೀರೇನ್ರಿ?" ಗೋಕಾಕ ತಾಲೂಕಿನಲ್ಲಿ ಆ ಪ್ರಶ್ನೆಯನ್ನು ಗೌರವದಿಂದ ಕೇಳಿದ ಮೊದಲ ವ್ಯಕ್ತಿ ಅವಳು. ಆದಿನಾಥ ಅಲ್ಲಿಯೇ ಸೋತ. ಬಸ್ಸಿನಲ್ಲಿ ವಾಪಸು ಬರುವಾಗ ಘಟಪ್ರಭಾ ಬರುವ ತನಕ ಅವನು ಪಕ್ಕದಲ್ಲಿದ್ದ ನನಗೆ ಆ ಪ್ರಶ್ನೆಯನ್ನೇ ಮತ್ತೆ ಮತ್ತೆ ಹೇಳಿದ. ಅಷ್ಟು ಸುಖವಾಗಿದ್ದ.

ಆರತಿಯ ಅಜ್ಜಿ ಸುಂದರಾಬಾಯಿ ಆ ಮನೆಯ ಯಜಮಾನಿ. ನಿಶ್ಚಯವಾದ ಮೇಲೆ ಮದುವೆಯ ತನಕ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಕೂಡದು ಎಂದು ಅಪ್ಪಣೆ ಮಾಡಿದರು. ಮನೆಯ ಫೋನು ಅವರ ಮಂಚದ ತಲೆದೆಸೆಯಲ್ಲೇ ಇತ್ತು. ಇ-ಮೇಲಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಟೈಪ್ ಮಾಡುವುದು ಕಚೇರಿ ಕೆಲಸ, ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ ಎಂದು ಅವರ ತಿಳಿವಳಿಕೆ.

ಹೀಗೆ ಪತ್ರ ಶುರುವಾದವು. ಆರತಿಯ ಪತ್ರಗಳ ತಲೆಬರಹ ಯಾವಾಗಲೂ ಒಂದೇ, ಜೈನರ ನಮಸ್ಕಾರ: ಜಯ ಜಿನೇಂದ್ರ ರಿ. ದಿನಕ್ಕೊಮ್ಮೆ ಟಿಣ್, ದಿನಕ್ಕೊಮ್ಮೆ "ಬಂತು". ಹದಿನೈದು ದಿನ ಗೋಕಾಕದಲ್ಲಿ ಆದಿನಾಥನಷ್ಟು ಸುಖಿ ಇನ್ನೊಬ್ಬ ಇರಲಿಲ್ಲ. ಸುಖ ಹೆಚ್ಚಾದಾಗ ಮನುಷ್ಯನಿಗೆ ಔದಾರ್ಯ ಬರುತ್ತದೆ. ಒಂದು ದಿನ ಅವನು ಅವಳಿಗೆ ಬರೆದ: ನಾವಿಬ್ಬರೂ ಇನ್ನು ಒಂದೇ, ನನಗೆ ರಿ ಗಿ ಅನ್ನಬೇಡ, ನೀ ಅಂತಲೇ ಬರಿ.

ಹುಡುಗಿ ಮಾತು ಕೇಳಿದಳು. ಅಂದಿನಿಂದ ಅವಳ ಪತ್ರ ನಿಂತುಬಿಟ್ಟವು.

ಮೂರು ದಿನ ಆದಿನಾಥ ಪೆಟ್ಟಿಗೆಯ ತಂಟೆಗೆ ಹೋಗಲಿಲ್ಲ, ಹುಡುಗಿ ನಾಚಿಕೊಂಡಿರಬೇಕು ಎಂದುಕೊಂಡ. ನಾಲ್ಕನೆಯ ದಿನ ಟೆಲಿಫೋನಿನ ಲೈನ್‌ಮನ್ ಅಲ್ಲಪ್ಪನನ್ನು ಕರೆಸಿದ. ಅಲ್ಲಪ್ಪ ಕಂಬ ಹತ್ತಿದ, ಇಳಿದ, ತಂತಿ ಎಳೆದು ನೋಡಿದ, ಚಹಾ ಕುಡಿದ.

"ಲೈನ್ ಚೊಕ್ಕ ಐತ್ರಿ ಸಾವ್ಕಾರ್ರ. ಬ್ಯಾರೆ ಪತ್ರಾ ಬರಾಕತ್ತಾವಿಲ್ರಿ?"

"ಬರಾಕತ್ತಾವು. ನೈಜೀರಿಯಾದ್ದು ಬರತೈತಿ. ಹುಕ್ಕೇರಿದು ಬರವಲ್ದು."

ಅಲ್ಲಪ್ಪ ಯೋಚನೆ ಮಾಡಿದ. "ನೈಜೀರಿಯಾ ಲೈನ್ ಚಲೋ ಐತಿ ಅಂದಂಗಾತ್ರಿ. ಹುಕ್ಕೇರಿ ನಮ್ಮ ಕಡೆ ಬರೂದಿಲ್ರಿ. ನಂದು ಘಟಪ್ರಭಾ ತನಕಾ."

ಆಮೇಲೆ ಆದಿನಾಥ ಕೋರ್ಸಿನಲ್ಲಿ ಕಲಿತ ಪ್ರಕಾರ ತಪಾಸಣೆ ಶುರು ಮಾಡಿದ. ಪೆಟ್ಟಿಗೆ ಬಂದ್ ಮಾಡಿ ಚಾಲೂ ಮಾಡಿದ. ವಾಯರ್ ಬದಲಿಸಿದ. ಪೇಟೆಯ ಸೈಬರ್ ಕೆಫೆಗೆ ಹೋಗಿ ತನಗೆ ತಾನೇ ಪತ್ರ ಕಳಿಸಿ, ಓಡುತ್ತ ಬಂದು ಅಟ್ಟ ಏರಿ ನೋಡಿದ. ಪತ್ರ ಬಂದಿತ್ತು. ಅದರ ತಲೆಬರಹ: ಆದಿನಾಥ ಅವರಿಗೆ ನಮಸ್ಕಾರ್ರಿ. ತನಗೆ ತಾನು ಬರೆದುಕೊಳ್ಳುವಾಗಲೂ ರಿ ಹಚ್ಚುವ ಮನುಷ್ಯ, ಏನು ಮಾಡುವುದು, ಮನೆತನದ ಸಂಸ್ಕಾರ. ಇಪ್ಪತ್ತು ಸಲ ಕಳಿಸಿದ, ಇಪ್ಪತ್ತು ಸಲವೂ ಬಂತು. ಸರ್ವರಿನಲ್ಲಿ ದೋಷವಿಲ್ಲ ಎಂದು ಸಾಬೀತಾಯಿತು. ಎಂಟು ತಿಂಗಳ ಹಿಂದೆ ಹಾಕಿದ ಫಿಲ್ಟರ್ ಅವನಿಗೆ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಬುದ್ಧಿ ಹೇಳುವವರು ಹೇಳಿ ಮರೆಯುವುದೇ ರೂಢಿ.

ಕೊನೆಗೆ ಅವಳಿಗೇ ಬರೆದ: ಯಾಕೆ ಉತ್ತರ ಇಲ್ಲ? ಎರಡು ದಿನ ಬಿಟ್ಟು ಮತ್ತೆ: ಯಾಕೆ ಉತ್ತರ ಇಲ್ಲ? ಹೀಗೆ ಐದು ಸಲ.

ಅತ್ತ ಹುಕ್ಕೇರಿಯಲ್ಲಿ ಏನಾಗುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು. ಆರತಿ ದಿನವೂ ಪತ್ರ ಬರೆಯುತ್ತಿದ್ದಳು. ಉತ್ತರ ಇಲ್ಲವೇಕೆ ಎಂದು ಅವನು ಕೇಳಿದ ಕೂಡಲೇ ಉತ್ತರ ಕಳಿಸುತ್ತಿದ್ದಳು. ಅವನು ಮತ್ತೆ ಅದನ್ನೇ ಕೇಳುತ್ತಿದ್ದ. ಮೂರನೇ ಸಲಕ್ಕೆ ಅವಳಿಗೆ ಸಿಟ್ಟು ಬಂತು, ಐದನೇ ಸಲಕ್ಕೆ ಹೆದರಿಕೆಯಾಯಿತು. ಅಳುತ್ತ ಅಜ್ಜಿಗೆ ಹೇಳಿದಳು. ಸುಂದರಾಬಾಯಿ ಮೂಡಲಗಿಗೆ ಫೋನ್ ಮಾಡಿದರು.

"ಅಣ್ಣಾಸಾಹೇಬ, ಹುಡುಗ ಕೇಳಿದ್ದನ್ನ ಮತ್ತ ಮತ್ತ ಕೇಳತಾನಂತ. ಹೇಳಿದ್ದು ಒಂದೂ ನೆನಪಿರೂದಿಲ್ಲಂತ. ಏನರ ಜಡ್ಡು ಐತೇನು, ಖರೆ ಹೇಳ್ರಿ."

ಮರುದಿನ ಹನ್ನೊಂದರ ಬಸ್ಸಿಗೆ ಅಣ್ಣಾಸಾಹೇಬರು ಗೋಕಾಕಕ್ಕೆ ಬಂದಿಳಿದರು. ತಲೆಯ ಜಡ್ಡಿನ ಮನುಷ್ಯನನ್ನು ನೇರವಾಗಿ ಕೇಳಬಾರದು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಪೈಪಿನ ಸುರುಳಿಯ ಮೇಲೆ ಕುಳಿತು ಸೊಟ್ಟಗೆ ಶುರು ಮಾಡಿದರು.

"ಆದಿ, ನಾ ಯಾರು?"

"ಕಾಕಾ."

"ಯಾರ ಕಾಕಾ?"

"ಯಾಕ ಕಾಕಾ, ಮತ್ಯಾರಿಗರ ಕಾಕಾ ಆಗೀಯೇನು?"

ಅಣ್ಣಾಸಾಹೇಬರು ನನ್ನ ಮುಖ ನೋಡಿದರು. "ನಿನ್ನಿ ರಾತ್ರಿ ಏನ್ ಉಂಡಿ?"

ಆದಿನಾಥ ಹದಿನೈದು ದಿನದಿಂದ ತಟ್ಟೆಯ ಕಡೆ ನೋಡಿಯೇ ಇರಲಿಲ್ಲ. "ನೆನಪಿಲ್ಲ."

"ಇವತ್ತ ಏನ್ ವಾರ?"

"ಮಂಗಳವಾರ." ಅಂದು ಗುರುವಾರ.

ಅಣ್ಣಾಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ತಮ್ಮಾ, ನಿಂಗ ಏನ್ ತ್ರಾಸ ಐತಿ ನನ್ನ ಮುಂದ ಹೇಳು. ಮುಚ್ಚಿ ಇಡಬ್ಯಾಡ."

"ಸರ್ವರ್ ತ್ರಾಸ ಕೊಡಾಕತ್ತೈತಿ, ಕಾಕಾ" ಎಂದ ಆದಿನಾಥ. ಯಾರಾದರೂ ಕೇಳುವುದನ್ನೇ ಕಾಯುತ್ತಿದ್ದವನು ಮನಸ್ಸು ಬಿಚ್ಚಿದ. "ಅಟ್ಟದ ಮ್ಯಾಲ ಐತಿ. ಹಗಲಿ ರಾತ್ರಿ ಅಲ್ಲೇ ಇರತೈತಿ. ಎಲ್ಲಾರ ಪತ್ರಾ ತಂದ ಕೊಡತೈತಿ, ಆರತಿದಷ್ಟ ಕೊಡವಲ್ದು. ನಾ ಏನ್ ಅನ್ಯಾಯ ಮಾಡೀನಿ ಅದಕ್ಕ?"

"ಊಟಾ ನೀರು?"

"ಅದಕ್ಯಾಕ ಊಟಾ? ಕರೆಂಟ್ ಇದ್ರ ಸಾಕು."

ಅಣ್ಣಾಸಾಹೇಬರು ಅಟ್ಟದ ಕಡೆ ನೋಡಿದರು. ಕತ್ತಲೆಯಲ್ಲಿ ಒಂದು ಹಸಿರು ದೀಪ ಮಿಣುಕಿತು. ಅವರು ಟೋಪಿ ಹಾಕಿಕೊಂಡು ಚಹಾ ಬೇಡವೆಂದು ಎದ್ದರು. ಬಸ್ ಸ್ಟ್ಯಾಂಡಿನಿಂದಲೇ ಹುಕ್ಕೇರಿಗೆ ಫೋನ್ ಮಾಡಿದರು. ಹುಡುಗನ ಅಟ್ಟದ ಮೇಲೆ ಒಬ್ಬ ಸರ್ವರ್ ಇದ್ದಾನೆ, ಅವನು ಉಣ್ಣುವುದಿಲ್ಲ, ಮಲಗುವುದಿಲ್ಲ, ಹುಡುಗನಿಗೆ ಬರುವ ಪತ್ರ ಹಿಡಿದು ಕೂಡುತ್ತಾನೆ, ಮತ್ತು ಹುಡುಗ ಅವನಿಗೆ ಹೆದರಿದ್ದಾನೆ. ಇದಿಷ್ಟು ಅವರ ವರದಿ. ಅಜ್ಜಿ ಇದನ್ನೆಲ್ಲ ಮೊಮ್ಮಗಳಿಗೆ ಬಿಡಿಸಿ ಹೇಳಲಿಲ್ಲ, ಹುಡುಗನಿಗೆ ಜಡ್ಡಿರುವುದು ಖರೆ ಎಂದಷ್ಟೇ ಹೇಳಿದರಂತೆ.

ಅದಾದ ಎರಡನೇ ದಿನ ಹತ್ತು ಗಂಟೆಗೆ ಅಟ್ಟದ ಮೇಲೆ ಟಿಣ್ ಎಂದಿತು. ಆದಿನಾಥ ಅಟ್ಟ ಏರಿದ. ಕಳಿಸಿದವರು ಆರತಿ ಎಂದು ಹೆಸರು ಕಂಡದ್ದೇ ತಡ, ಪತ್ರ ಬಿಚ್ಚದೆ ಹಾಗೆಯೇ ಕೆಳಗಿಳಿದು "ಬಂತು, ಬಂತು" ಎಂದು ಬೀದಿಗೆ ಓಡಿದ. ಎರಡು ಕಿಲೋ ಕರದಂಟು ತಂದು ಸಾಲಿನ ಅಂಗಡಿಗಳಿಗೆಲ್ಲ ಹಂಚಿದ. ಅಲ್ಲಪ್ಪನಿಗೆ ಎರಡು ತುಂಡು ಕೊಟ್ಟ. ಹೆಸರು ಗೊತ್ತಿಲ್ಲದ ಒಬ್ಬ ಸೈಕಲ್ಲಿನವನಿಗೂ ಕೊಟ್ಟ. ಎಲ್ಲರೂ ಕರದಂಟು ಜಗಿಯುತ್ತಿರುವಾಗ ಮೇಲೆ ಹೋಗಿ ಪತ್ರ ಓದಿದ.

ತಲೆಬರಹ: ಸಂಬಂಧ ಬ್ಯಾಡ್ರಿ. ಒಳಗೆ ಎರಡೇ ಸಾಲು. ಡಾಕ್ಟರಿಗೆ ತೋರಿಸಿ ನಿಮ್ಮ ತಬ್ಬೇತಿ ಕಡೆ ಲಕ್ಷ್ಯ ಕೊಡ್ರಿ. ಅಜ್ಜಿ ಬರೂ ಸೋಮವಾರ ನಿಶ್ಚಯದ ಸೀರಿ ಉಂಗುರ ತಿರುಗಿ ಕಳಸತಾರ್ರಿ.

ಅವನು ಅಟ್ಟದಿಂದ ಇಳಿದ ರೀತಿ ನೋಡಿ ನಾವೆಲ್ಲ ಕರದಂಟು ಜಗಿಯುವುದನ್ನು ನಿಲ್ಲಿಸಿದೆವು. ನುಂಗುವುದೋ ಉಗಿಯುವುದೋ ಯಾರಿಗೂ ತಿಳಿಯಲಿಲ್ಲ. ಆದಿನಾಥ ದುಡ್ಡಿನ ಗಲ್ಲೆಯ ಮುಂದೆ ಕುಳಿತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಆ ಹೊತ್ತಿಗೆ ಸರಿಯಾಗಿ ಬಂದವನು ಕುಲಗೋಡದ ಮಾಲಿಂಗಪ್ಪ. ಎರಡು ತಿಂಗಳ ಹಿಂದೆ ಅವನ ಕಬ್ಬಿಗೆ ಹನಿ ನೀರಾವರಿಯ ಸಾಮಾನು ಆದಿನಾಥನೇ ಕೊಟ್ಟಿದ್ದ. ಸಮಯ ಸಂದರ್ಭ ನೋಡುವ ಗಿರಾಕಿ ಅಲ್ಲ ಅವನು.

"ಸಾವ್ಕಾರ್ರ, ಪಂಪ್ ಚಾಲೂ ಐತಿ, ಪೈಪ್ ಬರೋಬರಿ ಐತಿ, ಕಬ್ಬಿಗೆ ನೀರು ಮುಟ್ಟವಲ್ದ್ರಿ."

ಆದಿನಾಥ ಟವೆಲ್ಲಿನ ಒಳಗಿನಿಂದಲೇ, ದಿನಕ್ಕೆ ಹತ್ತು ಮಂದಿಗೆ ಹೇಳುವ ಮಾತು ಹೇಳಿದ. "ಮದಲ ಫಿಲ್ಟರ್ ಬಿಚ್ಚಿ ನೋಡು. ಯಾವಾಗಲೂ ಮದಲ ಫಿಲ್ಟರ್."

"ಅದನ್ನ ನೋಡೇನ ಬಂದೀನ್ರಿ. ಜಾಳಗಿ ಕಣ್ಣು ಭಾಳ ಸಣ್ಣವು. ಕಸಾ ಹಿಡಿ ಅಂದ್ರ ನೀರ ಹಿಡಕೊಂಡ ಕುಂತೈತಿ. ಇಂಥಾದು ಯಾಕ ಕೊಟ್ರಿ?"

ಟವೆಲ್ ನಿಧಾನವಾಗಿ ಕೆಳಗಿಳಿಯಿತು. ಆದಿನಾಥ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಎಂಟು ತಿಂಗಳ ಹಿಂದಿನ ಆ ಮಧ್ಯಾಹ್ನದ ಚಹಾ ಇಬ್ಬರಿಗೂ ಒಂದೇ ಸಲ ನೆನಪಾಯಿತು. ಮಾಲಿಂಗಪ್ಪನನ್ನು ಅಲ್ಲೇ ಬಿಟ್ಟು ಇಬ್ಬರೂ ಅಟ್ಟ ಏರಿದೆವು.

'ಮರ್ಯಾದಿ ಇಲ್ಲದವರು' ಖಾನೆಯನ್ನು ತೆರೆದ. ಗಡಿಯಾರದವರು, ಗುಳಿಗೆಯವರು ಸಾವಿರಗಟ್ಟಲೆ ಇದ್ದರು. ಅವರ ನಡುನಡುವೆ ಆರತಿಯ ಹತ್ತೊಂಬತ್ತು ಪತ್ರ ಸುಮ್ಮನೆ ಕೂತಿದ್ದವು. ಜಯ ಜಿನೇಂದ್ರ. ಜಯ ಜಿನೇಂದ್ರ. ರಿ ಎಲ್ಲಿಯೂ ಇಲ್ಲ; ಅವನು ಹೇಳಿದಂತೆಯೇ ಬಿಟ್ಟಿದ್ದಳು. ಒಂದರಲ್ಲಿ ಸೀರೆಯ ಬಣ್ಣ ಯಾವುದಿರಲಿ ಎಂದು ಕೇಳಿದ್ದಳು. ಇನ್ನೊಂದರಲ್ಲಿ ತನಗೆ ಮೂರು ದಿನ ಜ್ವರ ಎಂದಿದ್ದಳು. ಹನ್ನೆರಡನೆಯದರಲ್ಲಿ, ಕ್ಲಾಸು ಮುಗಿದ ಮೇಲೂ ನಿನ್ನ ಪತ್ರ ಬರತೈತೇನಂತ ಇಲ್ಲೇ ಕುಂತಿರತೇನಿ, ಅಜ್ಜಿ ಲೈಟ್ ಆರಿಸು ಅಂತಾರ ಎಂದಿತ್ತು. ಆದಿನಾಥ ಮುಚ್ಚುಮರೆ ಇಲ್ಲದೆ ಅತ್ತ.

ಫಿಲ್ಟರ್ ದಾಟಿ ಒಳಗೆ ಬಂದ ಕಸದ ಪತ್ರ ಯಾವುವು ಎಂದು ನೋಡಿದರೆ ಇನ್ನೂ ಸಂಕಟ. ಪ್ರೈಜ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಅದರಲ್ಲಿ ಆರ್ ಐ ಇದೆ. ಪ್ರೈಸ್‌ನಲ್ಲೂ ಇದೆ. ಅಮೆರಿಕಾದಲ್ಲಿ ಇದೆ, ನೈಜೀರಿಯಾದಲ್ಲಿ ಇದೆ. ಹುಕ್ಕೇರಿಯಲ್ಲೂ ಇದೆ. ಹುಡುಗಿ ಒಂದೇ ಒಂದು ಸಲ ತಲೆಬರಹದಲ್ಲಿ ತನ್ನ ಊರ ಹೆಸರು ಹಾಕಿದ್ದರೆ ಪತ್ರ ಮುಟ್ಟುತ್ತಿತ್ತು. ಪ್ರೀತಿಯ ಪತ್ರಕ್ಕೆ ಯಾರು ಊರ ಹೆಸರು ಹಾಕುತ್ತಾರೆ?

"ಫೋನ್ ಮಾಡಿ ಹೇಳು" ಎಂದೆ.

"ತಲಿ ಕೆಟ್ಟಾಂವನ ಮಾತು ಫೋನಿನ್ಯಾಗ ಯಾರು ಕೇಳತಾರ?" ಎಂದ ಆದಿನಾಥ. "ಸಾಕ್ಷಿ ತೋರಸಬೇಕು."

ಸೋಮವಾರಕ್ಕೆ ಮೊದಲೇ, ಭಾನುವಾರ ಬೆಳಿಗ್ಗೆ, ಆ ಪೆಟ್ಟಿಗೆಯನ್ನು ಬಿಚ್ಚಿ ಚಾದರದಲ್ಲಿ ಸುತ್ತಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿ ಬಸ್ಸು ಹತ್ತಿದ. ಜೊತೆಗೆ ನಾನು.

"ಏನ್ರಿ ಅದು?" ಎಂದ ಕಂಡಕ್ಟರ್.

"ಸರ್ವರ್."

ಕಂಡಕ್ಟರ್ ಚಾದರದ ಗಂಟನ್ನು ಸ್ವಲ್ಪ ಹೊತ್ತು ನೋಡಿ, ಲಗೇಜ್ ತಿಕೀಟು ಹರಿದು ಕೊಟ್ಟು ಹಿಂದಕ್ಕೆ ಹೋದ.

ಹುಕ್ಕೇರಿಯಲ್ಲಿ ಸುಂದರಾಬಾಯಿ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಮೂಡಲಗಿಯಿಂದ ಅಣ್ಣಾಸಾಹೇಬರೂ ಬಂದಿದ್ದರು, ಮುರಿಯುವ ಮಾತು ಮುಗಿಸಲಿಕ್ಕೆ. ಸೀರೆ ಉಂಗುರ ಒಂದು ತಾಟಿನಲ್ಲಿ ತಯಾರಿದ್ದವು. ಒಳಬಾಗಿಲ ಹತ್ತಿರ ಆರತಿ ನಿಂತಿದ್ದಳು, ಕಣ್ಣು ಕೆಂಪಗಿದ್ದವು.

"ಆ ಅಟ್ಟದ ಮ್ಯಾಲಿನ ಮನಶ್ಯಾ ಎಲ್ಲಿ?" ಎಂದರು ಸುಂದರಾಬಾಯಿ. "ಮದಲ ಅವನ್ನ ಕೆಲಸದಿಂದ ತಗೀರಿ, ಆಮ್ಯಾಲ ಮಾತು."

"ಇದ ಸರ್ವರ್ ಅಜ್ಜಿ" ಎಂದು ಆದಿನಾಥ ಚಾದರ ಬಿಚ್ಚಿ ಪೆಟ್ಟಿಗೆಯನ್ನು ಅವರ ಕಾಲ ಬಳಿ ಇಟ್ಟ.

ಅಜ್ಜಿ ಕಾಲು ಮೇಲೆತ್ತಿಕೊಂಡರು. ಅಣ್ಣಾಸಾಹೇಬರು ಬಾಗಿಲ ಕಡೆ ಸರಿದರು. ಮುಂದೆ ಬಂದವಳು ಆರತಿ ಒಬ್ಬಳೇ. ಪೆಟ್ಟಿಗೆಯನ್ನು ತನ್ನ ಕ್ಲಾಸಿನ ಟಿ.ವಿ.ಯಂಥ ಪರದೆಗೆ ಜೋಡಿಸಿ ಚಾಲೂ ಮಾಡಿದಳು. ಮೊದಲು ಕಂಡದ್ದು ಆ ಖಾನೆಯ ಹೆಸರು. ಅದನ್ನು ಗಟ್ಟಿಯಾಗಿ ಓದಿದಳು. "ಮರ್ಯಾದಿ ಇಲ್ಲದವರು." ಅದರೊಳಗೆ ತನ್ನ ಹತ್ತೊಂಬತ್ತು ಪತ್ರ. ಅವಳ ಮುಖ ನೋಡಿ, ಗೋಕಾಕಕ್ಕೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ನಾನು ಯೋಚಿಸತೊಡಗಿದೆ.

ಆರತಿ ಫಿಲ್ಟರನ್ನೂ ತೆರೆದು ಓದಿದಳು. ಆಮೇಲೆ ಆದಿನಾಥನ ಕಡೆ ತಿರುಗಿದಳು.

"ರಿ ಅನಬ್ಯಾಡ ಅಂತ ನನಗ ಹೇಳಿದ್ರಿ. ರಿ ಅನ್ನದವರನ್ನ ಕಸದಾಗ ಒಗಿ ಅಂತ ಇದಕ್ಕ ಹೇಳಿದ್ರಿ. ಎರಡೂ ನೀವ ಹೇಳಿದ್ರಿ."

"ಹೌದು" ಎಂದ ಆದಿನಾಥ. "ನಿನ್ನ ಹತ್ತೊಂಬತ್ತು ಪತ್ರಾನೂ ಓದೀನಿ. ಸೀರಿ ಹಸರದ ಇರಲಿ. ಜ್ವರಾ ಇಳದಾವೇನು?"

ಆರತಿ ಸೆರಗು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದಳು. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ನಾವೆಲ್ಲ ತಿಳಿದೆವು, ನಗುತ್ತಿದ್ದಳು.

ಸುಂದರಾಬಾಯಿಗೆ ಅರ್ಧ ಮಾತ್ರ ತಿಳಿದಿತ್ತು. "ಏನಂತ? ಈ ಪೆಟಗಿ ಏನ್ ಮಾಡತೈತಿ?"

"ರಿ ಅನ್ನದವರ ಪತ್ರಾ ಒಳಗ ಬಿಡೂದಿಲ್ಲ ಅಜ್ಜಿ" ಎಂದ ಆದಿನಾಥ ತಲೆ ತಗ್ಗಿಸಿ.

ಅಜ್ಜಿ ಕಾಲು ಕೆಳಗಿಳಿಸಿದರು. ಪೆಟ್ಟಿಗೆಯನ್ನು ಹೊಸ ಕಣ್ಣಿನಿಂದ ನೋಡಿದರು. "ಮತ್ತ ಇದರದೇನ್ ತಪ್ಪೈತಿ? ಮದುವಿಗಿಂತ ಮದಲ ಗಂಡಗ ರಿ ಬಿಟ್ಟ ಬರದಾಳ ಈಕಿ. ನನಗ ತಿಳೀಲಿಲ್ಲ, ಈ ಪೆಟಗಿಗೆ ತಿಳೀತು. ಇಷ್ಟ ಮರ್ಯಾದಿ ಯಾರು ಕಲಿಸಿದ್ರು ಇದಕ್ಕ?"

ಆದಿನಾಥ ನನ್ನ ಕಡೆ ನೋಡಿದ. ನಾನು ಅವರ ಮನೆಯ ಜಂತಿ ಎಣಿಸುತ್ತಿದ್ದೆ.

"ಯಾರರ ಇರಲಿ, ಚಲೋ ಕಲಿಸ್ಯಾರ" ಎಂದರು ಅಜ್ಜಿ. ನಾನು ನೆಟ್ಟಗೆ ಕೂತೆ, ಆದರೆ ಒಪ್ಪಿಕೊಳ್ಳುವ ಹೊತ್ತು ಮೀರಿತ್ತು. "ಇಂಥಾ ಪೆಟಗಿ ಇದ್ದ ಮನಿ ಕೆಟ್ಟ ಮನಿ ಅಲ್ಲ. ಆ ತಾಟ ಒಳಗಿಡ್ರಿ."

ಮದುವೆ ಅಕ್ಷಯ ತೃತೀಯ ಕಳೆದ ಮೂರನೇ ದಿನ ಆಯಿತು. ಸೀರೆ ಹಸಿರು. ಆರತಿ ಗೋಕಾಕಕ್ಕೆ ಬಂದ ವಾರವೇ ಅಟ್ಟವನ್ನು ತನ್ನ ಕೈಗೆ ತೆಗೆದುಕೊಂಡಳು. ಕಸ ನಿಂತಿತು, ನೈಜೀರಿಯಾದ ರಾಜಕುಮಾರನ ಸುದ್ದಿ ಆಮೇಲೆ ನಮಗೆ ತಿಳಿಯಲಿಲ್ಲ. ಆದಿನಾಥ ಸರ್ವರಿನ ಮಾತೇ ಎತ್ತದೆ ಪೈಪು ಮಾರತೊಡಗಿದ. ಮಾಲಿಂಗಪ್ಪನಿಗೆ ಹೊಸ ಜಾಳಿಗೆ ಪುಕ್ಕಟೆ ಕೊಟ್ಟ.

ಮಳೆಗಾಲದಲ್ಲಿ ಒಂದು ದಿನ ಅವನು ಕಾಕಾನನ್ನು ನೋಡಲು ಮೂಡಲಗಿಗೆ ಹೋಗಿದ್ದ. ಅಲ್ಲಿಯ ಸೈಬರ್ ಕೆಫೆಯಿಂದ ಹೆಂಡತಿಗೆ ಪತ್ರ ಕಳಿಸಿದ: ಊಟಕ್ಕೆ ಬರುತ್ತೇನೆ. ಮಧ್ಯಾಹ್ನ ಅಂಗಡಿಯ ಹಿಂದೆಯೇ ಇದ್ದ ಮನೆಗೆ ಬಂದು ನೋಡಿದರೆ ಒಲೆ ತಣ್ಣಗಿತ್ತು.

"ಪತ್ರಾ ಬರಲಿಲ್ಲ" ಎಂದಳು ಆರತಿ.

"ಬರದ ಕಳಿಸೀನಿ. ಲೈನ್ಯಾಗ ಏನರ ಆಗಿರಬೇಕು. ಅಲ್ಲಪ್ಪನ್ನ ಕರಸಲೇನು?"

"ಬ್ಯಾಡ. ರಿ ಹಚ್ಚಿದ್ದಿಯೇನು?"

ಅವನು ಅಟ್ಟ ಏರಿ ನೋಡಿದ. ಹಳೆಯ ಫಿಲ್ಟರ್ ಅಲ್ಲೇ ಇತ್ತು, ಈಗ ಒಬ್ಬನೇ ಮನುಷ್ಯನ ಪತ್ರಗಳಿಗೆ. ಖಾನೆಯ ಹೆಸರೂ ಅದೇ. ಅದರೊಳಗೆ ಅವನ ಪತ್ರ ಒಂಟಿಯಾಗಿ ಕೂತಿತ್ತು.

ಮರುದಿನ ಬೆಳಿಗ್ಗೆ ನಾನು ಅವನ ಅಂಗಡಿಯಲ್ಲಿ ಕೂತಿದ್ದೆ. ಆದಿನಾಥ ಗಂಟಲು ಸರಿಮಾಡಿಕೊಂಡು, ಆರತಿ ಕೆಲಸ ಮಾಡುತ್ತಿದ್ದ ಅಟ್ಟದ ಕಡೆ ಮುಖ ಮಾಡಿದ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ನಿಂತು ನೋಡುವಷ್ಟು ಸ್ಪಷ್ಟವಾಗಿ ಕೇಳಿದ.

"ಆರತಿ ಅವರ, ಎರಡು ಕಪ್ ಚಾ ಮಾಡತೀರೇನ್ರಿ?"

"ಬಂತು" ಎಂದಿತು ಅಟ್ಟ.